ಅಕ್ಕನ ಕೊರಳಲ್ಲಿ ಎರಡು ಕರಡಿಗೆ

ನಮ್ಮ ಅಕ್ಕ ಸುಶೀಲಾಬಾಯಿಯ ಕೊರಳಲ್ಲಿ ಎರಡು ಕರಡಿಗೆಗಳಿದ್ದವು. ಲಿಂಗಾಯತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಇಷ್ಟಲಿಂಗವನ್ನು ಬೆಳ್ಳಿಯ ಸಣ್ಣ ಡಬ್ಬಿಯಲ್ಲಿಟ್ಟು, ದಾರ ಕಟ್ಟಿ, ಎದೆಯ ಮೇಲೆ ಧರಿಸುತ್ತೇವೆ. ಆ ಡಬ್ಬಿಯೇ ಕರಡಿಗೆ. ಒಬ್ಬರಿಗೆ ಒಂದೇ ಲಿಂಗ. ಕೂಸಿದ್ದಾಗ ಕಟ್ಟಿದ್ದನ್ನು ಸತ್ತಾಗಲೂ ಅಗಲಿಸುವುದಿಲ್ಲ. ಸತ್ತವರನ್ನು ಕುಳ್ಳಿರಿಸಿ, ಎಡಗೈಯಲ್ಲಿ ಅವರ ಲಿಂಗವನ್ನು ಇಟ್ಟು ಮಣ್ಣು ಮಾಡುತ್ತೇವೆ. ಸುಡುವ ಪದ್ಧತಿ ನಮ್ಮಲ್ಲಿಲ್ಲ. ಹೀಗಿರುವಾಗ ಒಬ್ಬ ಹೆಂಗಸಿನ ಎದೆಯ ಮೇಲೆ ಎರಡು ಕರಡಿಗೆ ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿದ್ದರೆ ನೋಡಿದವರು ಕೇಳದೆ ಬಿಡುತ್ತಾರೆಯೆ? ಮದುವೆಯಲ್ಲಿ ಕೇಳುತ್ತಿದ್ದರು, ಬಸುರಿಯರ ಕುಬುಸದಲ್ಲಿ ಕೇಳುತ್ತಿದ್ದರು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಕೇಳುತ್ತಿದ್ದರು.

"ನಿಮಗ್ಯಾಕ ಬೇಕ್ರಿ ಅದು? ಉಣ್ಣಾಕ ಬಂದೀರಿ, ಉಂಡು ಎದ್ದು ಹೋಗ್ರಿ" ಎಂದು ನಾನು ಒದರುತ್ತಿದ್ದೆ.

ಅಕ್ಕ ಮಾತ್ರ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು. "ಇದು ನಂದು. ಇದು ಇವರದು. ನಾನs ತಗದಿದ್ದೆ. ಈಗ ನಾನs ಹೊತ್ತೀನಿ."

ಆಕೆ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮೂರು ಇಂಡಿ ಪಟ್ಟಣದ ಹತ್ತಿರ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಯಾರು ನೋಡಿಕೊಳ್ಳಬೇಕೆಂದು ಮಾತು ಬಂದಾಗ, ಆಗಷ್ಟೇ ಮದುವೆಯಾಗಿದ್ದ ಅಕ್ಕ ಗಂಡನನ್ನು ಒಂದು ಮಾತೂ ಕೇಳದೆ ನನ್ನ ಕೈ ಹಿಡಿದು ರೈಲು ಹತ್ತಿಸಿದಳು. ಗಂಡ ಶಿವಪುತ್ರಪ್ಪ ನಾಗಪುರದ ಹತ್ತಿರದ ಉಮರೇಡ್ ಕಲ್ಲಿದ್ದಲು ಗಣಿಯಲ್ಲಿ ಡಂಪರ್ ನಡೆಸುತ್ತಿದ್ದರು. ನಾನು ಅವರನ್ನು ಮಾಮಾ ಅನ್ನುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ನೋಡಿ ಅವರು, "ಏನ ಸುಶೀಲಾ, ಬಳುವಳಿ ಇಷ್ಟ ತಡಾ ಆಗಿ ಬಂತಲ್ಲ?" ಅಂದಿದ್ದರಂತೆ. ಆ ಮಾತನ್ನು ನೆನೆಸಿ ಅಕ್ಕ ಎಷ್ಟೋ ವರ್ಷ ನಗುತ್ತಿದ್ದಳು.

ಗಣಿಯ ಕ್ವಾರ್ಟರ್ಸಿನಲ್ಲಿ ಕನ್ನಡದವರು ನಾವೊಬ್ಬರೇ. ಅಕ್ಕ ಮರಾಠಿ ಕಲಿತದ್ದು ಬಾವಿಯ ಹತ್ತಿರ, ಜಗಳದಲ್ಲಿ. ಅದಕ್ಕೇ ಏನೋ, ಆಕೆಯ ಮರಾಠಿ ಕೊನೆಯವರೆಗೂ ಜಗಳಾಡಿದಂತೆಯೇ ಕೇಳಿಸುತ್ತಿತ್ತು. ಸುತ್ತಲಿನ ಹೆಂಗಸರೆಲ್ಲ ಆಕೆಯಿಂದ ಜೋಳದ ರೊಟ್ಟಿ ಬಡಿಯುವುದನ್ನು ಕಲಿತರು. ನಾನು ಐದನೆಯ ಇಯತ್ತೆ ನಾಪಾಸಾಗಿ, ಮಾಸ್ತರನ ಮೇಲೆ ಕಲ್ಲೆಸೆದು ಶಾಲೆ ಬಿಟ್ಟೆ. ಅಕ್ಕ ಹೊಡೆಯಲಿಲ್ಲ. "ಕೈ ಇಷ್ಟ ಗಟ್ಟಿ ಅದಾವಂದ್ರ ಪಾನಾ ಹಿಡಿ" ಎಂದು ಒಬ್ಬ ಸ್ಕೂಟರ್ ರಿಪೇರಿಯ ಮಿಸ್ತ್ರಿಯ ಹತ್ತಿರ ಬಿಟ್ಟಳು. ಈಗ ನಾಗಪುರದ ಧರಮಪೇಠದಲ್ಲಿ ನನ್ನದೇ ಸ್ಕೂಟರ್ ಗ್ಯಾರೇಜು ಇದೆ. ಅಕ್ಕನಿಗೂ ಮಾಮಾನಿಗೂ ಮಕ್ಕಳಾಗಲಿಲ್ಲ. ಮಾಮಾ ನಿವೃತ್ತರಾದ ಮೇಲೆ ಲಕ್ಷ್ಮೀ ನಗರದ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡರು.

ಕೊರೋನಾದ ಎರಡನೆಯ ಬೇಸಿಗೆಯಲ್ಲಿ ಮಾಮಾನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯ ಗಾಡಿ ಬಂತು. ಮೈಮೇಲೆ ಬಂಗಾರ ಬೆಳ್ಳಿ ಏನಿದ್ದರೂ ಮನೆಯಲ್ಲೇ ಬಿಚ್ಚಿಡಿ, ಒಳಗೆ ಕಳೆದರೆ ಯಾರೂ ಜವಾಬ್ದಾರರಲ್ಲ ಎಂದು ಗಾಡಿಯವನು ಹಿಂದಿಯಲ್ಲಿ ಕೂಗಿದ. ಗಡಿಬಿಡಿಯಲ್ಲಿ ಅಕ್ಕ ಮಾಮಾನ ಉಂಗುರ ಬಿಚ್ಚಿದಳು. ಆಮೇಲೆ ಕೊರಳಿಗೆ ಕೈ ಹಾಕಿ ಕರಡಿಗೆಯನ್ನೂ ಬಿಚ್ಚಿದಳು. ಬೆಳ್ಳಿಯದಲ್ಲವೇ, ಪ್ರಜ್ಞೆ ತಪ್ಪಿದಾಗ ಯಾರಾದರೂ ಕಿತ್ತುಕೊಂಡರೆ ಲಿಂಗವೇ ಹೋಗುತ್ತದಲ್ಲ ಎಂಬ ಹೆದರಿಕೆ. ಮಾಮಾ ಅವಳ ಮುಂಗೈ ಹಿಡಿದುಕೊಂಡರಂತೆ. "ನಾಕ ದಿನಾ ಅಷ್ಟs. ನಾ ಪೂಜಿ ಮಾಡ್ತೀನಿ, ನೀವು ಬಂದು ಹಾಕ್ಕೋರಿ" ಅಂದಳಂತೆ ಅಕ್ಕ. ಅವರು ಕೈ ಬಿಟ್ಟರು.

ಮಾಮಾ ಬರಲಿಲ್ಲ. ಫೋನು ಬಂತು. ಮಹಾನಗರಪಾಲಿಕೆಯವರು ಘಾಟಿನ ಸುಡುಗಾಡಿನಲ್ಲಿ ಎಲ್ಲರ ಜೊತೆ ಸುಟ್ಟುಬಿಟ್ಟಿದ್ದರು. ನಾನು ಅಲ್ಲಿಗೆ ಹೋಗಿ ಗೇಟಿನವನ ಕೊರಳಪಟ್ಟಿ ಹಿಡಿದೆ. ಅವನು ಪಾಪ ಎರಡು ದಿನದಿಂದ ಉಂಡಿರಲಿಲ್ಲವಂತೆ, ನನ್ನ ಮುಖ ನೋಡಿ ಅತ್ತ. ಅಳುವವನನ್ನು ಹೇಗೆ ಹೊಡೆಯುವುದು? ವಾಪಸ್ಸು ಬಂದೆ.

ಅಂದಿನಿಂದ ಅಕ್ಕ ಮಾಮಾನ ಲಿಂಗವನ್ನೂ ಕೊರಳಿಗೆ ಕಟ್ಟಿಕೊಂಡಳು. ಮುಂಜಾನೆ ಸ್ನಾನ ಮಾಡಿ ತನ್ನ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜಿಸುವಳು, ಅದನ್ನು ಕಟ್ಟಿಟ್ಟು ಮತ್ತೆ ಮಾಮಾನದನ್ನು ಇಟ್ಟು ಪೂಜಿಸುವಳು. ಅಳಲಿಲ್ಲ. ಜನ ಬಂದು ಅಳು ಅಂದರೂ ಅಳಲಿಲ್ಲ. ಆಕೆಯ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಮಣ್ಣೂ ಇಲ್ಲದೆ, ಕೈಯಲ್ಲಿ ಲಿಂಗವೂ ಇಲ್ಲದೆ ಹೋದ ಮನುಷ್ಯನಿಗೆ ಶಿವನಲ್ಲಿ ಐಕ್ಯ ಆಯಿತೋ ಇಲ್ಲವೋ? ಆಗದಿದ್ದರೆ ಈಗ ಈ ಲಿಂಗವನ್ನು ಏನು ಮಾಡಬೇಕು?

ನಮ್ಮ ಮನೆಯ ಪೂಜೆ ಮಾಡಿಸುವ ಅಯ್ಯನವರನ್ನು ಕೇಳಿದಳು. ಅವರು ಹೊಳೆಗೆ ಬಿಡಿ ಅಂದರು. ಸೊಲ್ಲಾಪುರದಿಂದ ಬಂದಿದ್ದ ಇನ್ನೊಬ್ಬರು, ನೀವೇ ಧರಿಸಿ ಅಂದರು. ಮೂರನೆಯವರು ತಲೆ ಅಲ್ಲಾಡಿಸಿ, "ತಗೀಬಾರದಿತ್ತು ತಾಯಿ" ಅಂದರು. ಆ ಮೂರನೆಯವರನ್ನು ನಾನು ಬಾಗಿಲವರೆಗೆ ಕಳಿಸುವ ನೆಪದಲ್ಲಿ ಅಂಗಳದಲ್ಲಿ ನಿಲ್ಲಿಸಿ ಏನೇನು ಬೈದೆನೋ ಬರೆಯುವುದು ಬೇಡ.

ಹೀಗಿರುವಾಗ ಪ್ರವೀಣ್ ಸ್ಕೂಟರ್ ರಿಪೇರಿಗೆಂದು ಗ್ಯಾರೇಜಿಗೆ ಬಂದ. ನಾಗಪುರದ ನಮ್ಮ ಸಮಾಜದ ಸಂಘಕ್ಕೆ ಅವನೇ ಕಾರ್ಯದರ್ಶಿ, ಬ್ಯಾಂಕಿನ ಮನುಷ್ಯ. ಬಾಲಿ ಎಂಬ ದೇಶದಲ್ಲಿ ಶಿವಭಕ್ತರ ಅಂತಾರಾಷ್ಟ್ರೀಯ ಸಮ್ಮೇಳನ ಇದೆ, ಸಂಘದಿಂದ ಒಂದು ತಂಡ ಹೋಗುತ್ತದೆ ಅಂದ. ಬಾಲಿ ಇಂಡೋನೇಷ್ಯಾದ ಒಂದು ದ್ವೀಪ ಎಂದು ನನಗೆ ಆಮೇಲೆ ಗೊತ್ತಾಯಿತು. ಅಕ್ಕ ನನಗೆ ಬುತ್ತಿ ತಂದು ಅಲ್ಲೇ ಕುಳಿತಿದ್ದಳು.

"ಅಲ್ಲಿ ಏನೇನ ಮಾಡ್ತಾರ?" ಎಂದು ಕೇಳಿದಳು.

"ಭಾಷಣಾ, ಪೂಜಾ. ದೊಡ್ಡ ದೊಡ್ಡ ಗುರುಗೋಳು ಬರ್ತಾರ ಮಾವಶಿ. ಭಕ್ತರು ಪ್ರಶ್ನಾ ಕೇಳಬಹುದು, ಅವರು ಉತ್ತರಾ ಕೊಡ್ತಾರ."

"ಯಾವ ಪ್ರಶ್ನಾ ಬೇಕಾದ್ರೂ?"

"ಯಾವುದು ಬೇಕಾದ್ರೂ."

"ನಂದೂ ಹೆಸರ ಬರಕೋ" ಅಂದಳು. "ಇಂವನದೂ ಬರಕೋ. ನನಗ ಒಬ್ಬಾಕಿಗೆ ಹೋಗಾಕ ಆಗೂದಿಲ್ಲ."

ನಾನು ನಟ್ಟು ಬಿಚ್ಚುತ್ತಿದ್ದ ಪಾನಾ ನೆಲಕ್ಕೆ ಒಗೆದೆ. "ತಲಿ ನೆಟ್ಟಗ ಐತೇನ ಅಕ್ಕಾ? ನಿನಗ ಇಂಗ್ಲಿಷ್ ಬರತೈತೇನ? ನನಗ ಬರತೈತೇನ? ಅಲ್ಲಿ ನೀರ ಹ್ಯಾಂಗ ಕೇಳಬೇಕು ಅನ್ನೂದೂ ಗೊತ್ತಿಲ್ಲ."

"ಉಮರೇಡಿಗೆ ಬಂದಾಗ ಮರಾಠಿ ಬರತಿತ್ತೇನ ನನಗ? ನೀರ ಕುಡದs ಬದುಕೀನಿ. ಪಾನಾ ಎತ್ತು, ಗಿರಾಕಿ ನೋಡಾಕತ್ಯಾರ."

ವಿಮಾನದಲ್ಲಿ ಕೂರುವ ಮೊದಲಿನ ತಪಾಸಣೆಯಲ್ಲಿ ಎರಡೂ ಕರಡಿಗೆ ಬಿಚ್ಚಿ ತಟ್ಟೆಯಲ್ಲಿಡು ಅಂದರು. ಅಕ್ಕ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ನಿಂತುಬಿಟ್ಟಳು. "ಇನ್ನೊಮ್ಮೆ ಬಿಚ್ಚೂದಿಲ್ಲ. ಬೇಕಾದ್ರ ಇಲ್ಲೇ ಬಿಡ್ರಿ ನನ್ನ" ಅಂದಳು. ಹಿಂದೆ ಸಾಲು ಬೆಳೆಯಿತು. ನನ್ನ ದನಿ ಏರುವುದರೊಳಗೆ ತಂಡದಲ್ಲಿದ್ದ ಪ್ರವೀಣನ ಮಗಳು ಕೀರ್ತಿ ಮುಂದೆ ಬಂದು, ಪೋಲೀಸ್ ಹೆಣ್ಣುಮಗಳಿಗೆ ಏನೋ ತಿಳಿಸಿ ಹೇಳಿದಳು. ಆ ಹೆಣ್ಣುಮಗಳು ಅಕ್ಕನನ್ನು ಪರದೆಯ ಹಿಂದೆ ಕರೆದೊಯ್ದು, ಕೊರಳಲ್ಲಿ ಇದ್ದಹಾಗೇ ತೆರೆಸಿ ನೋಡಿ, ಕೈ ಮುಗಿದು ಬಿಟ್ಟಳು.

ಕೀರ್ತಿ ಪುಣೆಯಲ್ಲಿ ಓದುವ ಹುಡುಗಿ. ಇಂಗ್ಲಿಷ್ ನೀರು ಕುಡಿದಂತೆ. ಕನ್ನಡ ಮಾತ್ರ ತಡವರಿಸುತ್ತದೆ. "ಆಜಿ, ನನ್ನ ಕನ್ನಡಾ ಥೋಡಾ ಕಚ್ಚಾ ಐತಿ. ಸಂಭಾಳಿಸಿ ತಗೋರಿ" ಎಂದು ಮೊದಲೇ ಹೇಳಿದ್ದಳು. ಅಕ್ಕನಿಗೆ ಅವಳೇ ಬಾಯಿ, ಅವಳೇ ಕಿವಿ.

ಸಮ್ಮೇಳನದ ಮಂಟಪ ದೊಡ್ಡದು. ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಟ್ಟರು. ಗುಂಡಿ ತಿರುಗಿಸಿದರೆ ಭಾಷೆ ಬದಲಾಗುತ್ತದೆ. ಒಂದರಲ್ಲಿ ಇಂಗ್ಲಿಷ್, ಒಂದರಲ್ಲಿ ಆ ದೇಶದ ಭಾಷೆ, ಒಂದರಲ್ಲಿ ತಮಿಳು. ಅಕ್ಕ ಮೂರನ್ನೂ ತಿರುಗಿಸಿ ನೋಡಿ ಕೊನೆಗೆ ತಮಿಳಿನಲ್ಲಿ ನಿಲ್ಲಿಸಿದಳು.

"ತಿಳೀತೇನ?" ಅಂದೆ.

"ಇಲ್ಲ. ಆದ್ರ ಇದು ನಮ್ಮ ಓಣ್ಯಾಗ ಮಾತಾಡಿದಂಗ ಕೇಳಸತೈತಿ."

ಎರಡು ದಿನ ಹಾಗೇ ಕುಳಿತಳು. ಮೂರನೆಯ ದಿನ ಪ್ರಶ್ನೆಯ ಸಭೆ. ಅಕ್ಕ ಬೆಳಿಗ್ಗೆ ಏನೂ ತಿನ್ನಲಿಲ್ಲ. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಮೊದಲ ಸಾಲಿನಲ್ಲಿ ಕುಳಿತಳು. ಪ್ರಶ್ನೆಯನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲೇ ಬರೆದು ಕೊಡಬೇಕಾಗಿತ್ತು. ಅಕ್ಕ ಹೇಳಿದ್ದನ್ನೆಲ್ಲ ಕೀರ್ತಿ ಕೇಳಿಸಿಕೊಂಡಳು. ಗಾಡಿ ಬಂದದ್ದು, ಮುಂಗೈ ಹಿಡಿದದ್ದು, ನಾಲ್ಕು ದಿನ ಅಂದದ್ದು. ಚೀಟಿ ಅಂಗೈಯಗಲ. ಅವಳು ಬರೆದದ್ದು ಎರಡು ಸಾಲು.

"ಅಷ್ಟs ಏನ?" ಅಂದಳು ಅಕ್ಕ.

"ಅಷ್ಟರಾಗ ಎಲ್ಲಾ ಬಂತು ಆಜಿ."

ವೇದಿಕೆಯ ಮೇಲಿದ್ದ ಹಿರಿಯ ಗುರುಗಳು ಯಾವ ದೇಶದವರೋ, ಬಿಳಿ ಗಡ್ಡ, ಶಾಂತ ಮುಖ. ಚೀಟಿ ಓದಿಸಿಕೊಂಡು ಕಣ್ಣು ಮುಚ್ಚಿದರು, ಆಮೇಲೆ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಕೀರ್ತಿಯ ಕಡೆ ತಿರುಗಿದಳು.

"ಏನಂದ್ರು?"

"ಅವರು ಹೇಳ್ತಾರ... ದೇವರು ಎಲ್ಲಾ ಕಡೆ ಇದ್ದಾನ. ವಸ್ತುವಿನ ಮ್ಯಾಲ ಮೋಹ ಬ್ಯಾಡ. ವಸ್ತು ಬರೀ ವಸ್ತು."

"ಯಾವ ವಸ್ತು?"

ಕೀರ್ತಿ ಕರಡಿಗೆಯ ಕಡೆ ನೋಡಿದಳು.

"ಲಿಂಗಕ್ಕ ವಸ್ತು ಅಂದ್ರೇನ?"

ನಾನು ಎದ್ದು ನಿಂತೆ. "ಏ ಸ್ವಾಮಿ! ನಮ್ಮ ಅಕ್ಕ ಕೇಳಿದ್ದ ಒಂದು, ನೀ ಹೇಳಿದ್ದ ಒಂದು! ಆಕಿ ಗಂಡಗ ಐಕ್ಯ ಆತೋ ಇಲ್ಲೋ, ಅದನ್ನ ಹೇಳು!" ಎಂದು ಕನ್ನಡದಲ್ಲೇ ಕೂಗಿದೆ. ಸಭೆಯೆಲ್ಲ ತಿರುಗಿ ನೋಡಿತು. ಗುರುಗಳು ನನಗೆ ಆಶೀರ್ವಾದ ಮಾಡುವಂತೆ ಕೈ ಎತ್ತಿದರು. ನಾನು ಜಯಕಾರ ಹಾಕಿದೆ ಅಂದುಕೊಂಡರೋ ಏನೋ. ಅಕ್ಕ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕುಂಡ್ರು. ಅವರ ಮ್ಯಾಲ ಯಾಕ ಒದರತಿ? ಅವರಿಗೆ ನನ್ನ ಮಾತು ಮುಟ್ಟೇ ಇಲ್ಲ."

ಹೊರಗೆ ಬಂದ ಮೇಲೆ ಕೀರ್ತಿ ಅಳುತ್ತಿದ್ದಳು. ಅಕ್ಕ ಅವಳ ಕಣ್ಣು ಒರೆಸಿದಳು. "ನಿಂದೇನ ತಪ್ಪಿಲ್ಲವ್ವಾ. ಇದು ಚೀಟ್ಯಾಗ ಹಿಡಿಯೂವಂಥದ್ದಲ್ಲ." ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದಾಯಿತಲ್ಲ ಎಂದು ನಾನು ಗೊಣಗುತ್ತಿದ್ದೆ.

ನಮ್ಮನ್ನು ಇಳಿಸಿದ್ದು ಒಂದು ಮನೆಯಲ್ಲಿ. ದೊಡ್ಡ ಅಂಗಳ, ಸುತ್ತಲೂ ಸಣ್ಣ ಸಣ್ಣ ಖೋಲಿಗಳು, ಮೂಲೆಯಲ್ಲಿ ಅವರ ದೇವರ ಗುಡಿ. ಮನೆಯ ಯಜಮಾನಿಯ ಹೆಸರು ವಾಯನ್. ಅಕ್ಕನದೇ ವಯಸ್ಸು. ಅಲ್ಲಿ ಹಿರಿಯ ಹೆಂಗಸರನ್ನು ಇಬು ಅನ್ನುತ್ತಾರೆ, ಅಂದರೆ ಅವ್ವ. ಆಕೆಗೆ ಇಂಗ್ಲಿಷೂ ಬರುತ್ತಿರಲಿಲ್ಲ. ದಿನಾ ಮುಂಜಾನೆ ಅಂಗಳದಲ್ಲಿ ಕುಳಿತು ತೆಂಗಿನ ಎಳೆಗರಿಯಲ್ಲಿ ಸಣ್ಣ ಬುಟ್ಟಿ ಹೆಣೆದು, ಹೂವಿಟ್ಟು, ದೇವರಿಗೆ ಒಯ್ಯುತ್ತಿದ್ದಳು. ಅದೇ ಅಂಗಳದ ಈ ಕಡೆ ಅಕ್ಕ ಲಿಂಗಪೂಜೆ ಮಾಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕದ್ದು ನೋಡುತ್ತಿದ್ದರು.

ಸಭೆಯ ಮರುದಿನ ಅಕ್ಕ ತನ್ನ ಪೂಜೆ ಮುಗಿಸಿ ಮಾಮಾನ ಲಿಂಗವನ್ನು ಕೈಯಲ್ಲಿಟ್ಟುಕೊಂಡಾಗ ಇಬು ವಾಯನ್ ಎದ್ದು ಬಂದು ಎದುರಿಗೆ ಕುಳಿತಳು. ಎರಡು ಬೆರಳು ಎತ್ತಿ, ಇದೇನು ಎರಡು ಎಂದು ಕೇಳಿದಳು. ಅಕ್ಕ ಫೋನಿನಲ್ಲಿ ಮಾಮಾನ ಫೋಟೋ ತೋರಿಸಿದಳು. ಉಸಿರಾಡಲು ಆಗದವರಂತೆ ಎದೆ ಏರಿಸಿ ಇಳಿಸಿ ತೋರಿಸಿದಳು. ಕೊರಳಿನಿಂದ ಬಿಚ್ಚಿದಂತೆ ಮಾಡಿದಳು. ಆಮೇಲೆ ಇಬುವಿನ ಊದುಬತ್ತಿಯ ಕೆಂಡ ತೋರಿಸಿ, ಎರಡೂ ಕೈಯನ್ನು ಬೆಂಕಿಯಂತೆ ಮೇಲೆತ್ತಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಬಾಯಲ್ಲಿ ಕನ್ನಡ ತಾನಾಗಿಯೇ ಬರುತ್ತಿತ್ತು. "ಸುಟ್ರವ್ವಾ ತಂಗಿ. ಮಣ್ಣಾಗ ಇಡಬೇಕಾಗಿತ್ತು, ಸುಟ್ರು."

ಇಬು ವಾಯನ್ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ನಾನೂ ಕೀರ್ತಿಯೂ ಹಿಂದೆ ಹೋದೆವು. ಊರ ಅಂಚಿನಲ್ಲಿ ದೊಡ್ಡ ಆಲದ ಮರ, ಅದರ ಕೆಳಗೆ ಮಣ್ಣಿನ ದಿಬ್ಬಗಳು. ಒಂದು ದಿಬ್ಬದ ಹತ್ತಿರ ಆಕೆ ಕುಸಿದು ಕುಳಿತು ಮಣ್ಣು ತಟ್ಟಿ ತೋರಿಸಿದಳು. ಆಮೇಲೆ ಅಕ್ಕ ಮಾಡಿದ ಹಾಗೆಯೇ ಎರಡೂ ಕೈ ಬೆಂಕಿಯಂತೆ ಮೇಲೆತ್ತಿದಳು. ಆದರೆ ಈಕೆ ಬೇಡ ಅನ್ನಲಿಲ್ಲ. ಕೈ ಮೇಲೆತ್ತಿ, ಎಲ್ಲಿದೆ, ಇಲ್ಲವಲ್ಲ ಎಂಬಂತೆ ಬರಿಯ ಅಂಗೈ ತೋರಿಸಿ ಅತ್ತಳು.

ಇಬುವಿನ ಸೊಸೆಗೆ ಇಂಗ್ಲಿಷ್ ಬರುತ್ತಿತ್ತು. ಅವಳು ಬಂದು ಕೀರ್ತಿಗೆ ಹೇಳಿದಳು, ಕೀರ್ತಿ ತನ್ನ ಕಚ್ಚಾ ಕನ್ನಡದಲ್ಲಿ ನಮಗೆ ಹೇಳಿದಳು. ಅವರ ಪದ್ಧತಿಯಲ್ಲಿ ಬೆಂಕಿ ಮುಟ್ಟಿದರೇನೇ ಜೀವಕ್ಕೆ ಬಿಡುಗಡೆ. ಆದರೆ ಆ ಕ್ರಿಯೆ ಬಹಳ ದೊಡ್ಡದು, ಊರವರೆಲ್ಲ ಕೂಡಿ ಮಾಡಬೇಕು. ಅಲ್ಲಿಯವರೆಗೆ ಹೂಳಿಡುತ್ತಾರೆ. ಇಬುವಿನ ಗಂಡ ಸತ್ತದ್ದೂ ಅದೇ ಕೊರೋನಾದಲ್ಲಿ. ಊರ ಕ್ರಿಯೆ ಮುಂದಕ್ಕೆ ಹೋಗುತ್ತಲೇ ಇದೆ. ಆತ ಇನ್ನೂ ಮಣ್ಣಿನಲ್ಲೇ ಇದ್ದಾನೆ.

"ಮಣ್ಣಾಗ ಅದಾನಂತ ಅಳತಾಳೇನ ಈಕಿ?" ಎಂದಳು ಅಕ್ಕ.

"ಹೌದು ಆಜಿ."

ಅಕ್ಕ ಆ ದಿಬ್ಬದ ಮಣ್ಣನ್ನು ಒಮ್ಮೆ ಸವರಿದಳು. ತನಗೆ ಸಿಗದೆ ಹೋದದ್ದು ಅದೇ. ಆಮೇಲೆ ಅಕ್ಕ ಕೇಳಿದಳು, "ಕೀರ್ತಿ, ಕೇಳು ಇವರನ್ನ. ಹೆಣಾನs ಸಿಗದಿದ್ರ ಏನ ಮಾಡ್ತಾರ ಇಲ್ಲೆ?"

ಮಾತು ಮೂರು ಬಾಯಿ ದಾಟಿ ಹೋಗಿ ಮೂರು ಬಾಯಿ ದಾಟಿ ಬಂತು. ಸಮುದ್ರಕ್ಕೆ ಹೋದವರು ಸಿಗದಿದ್ದರೆ ಗಂಧದ ಚೆಕ್ಕೆಯ ಮೇಲೆ ಮನುಷ್ಯನ ಆಕಾರ ಬರೆದು, ಹೆಸರು ಬರೆದು, ಅದನ್ನೇ ಹೆಣವೆಂದು ತಿಳಿದು ಎಲ್ಲ ಕ್ರಿಯೆ ಮಾಡುತ್ತಾರೆ. ಇಬು ವಾಯನ್ ನೆಲದ ಮೇಲೆ ಬೆರಳಿನಿಂದ ಒಂದು ಮನುಷ್ಯನನ್ನು ಬರೆದು ತೋರಿಸಿದಳು. ತಲೆ, ಎರಡು ಕೈ, ಎರಡು ಕಾಲು. ಅಕ್ಕ ಅದನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಬೆರಳಿನಿಂದ ಆ ಕಾಲುಗಳನ್ನು ಅಳಿಸಿ, ಪದ್ಮಾಸನ ಹಾಕಿ ಕುಳಿತ ಹಾಗೆ ಮತ್ತೆ ಬರೆದಳು.

ನಾಗಪುರಕ್ಕೆ ಬಂದ ಮೇಲೆ ಅಯ್ಯನವರನ್ನು ಕರೆಸಿದಳು. ಮಣ್ಣಿನ ಗೊಂಬೆ ಮಾಡಿ ಸಮಾಧಿ ಮಾಡಬೇಕೆಂದದ್ದನ್ನು ಕೇಳಿ ಅವರು ಗಾಬರಿಯಾದರು.

"ಎಲ್ಲ್ಯೂ ಇಲ್ರಿ ಇದು. ಹೆಣಾ ಇಲ್ಲದ ಸಮಾಧಿ ಹ್ಯಾಂಗ ಮಾಡೂದು? ಮಂದಿ ಏನಂದಾರು?"

"ಮಂದಿಗೆ ನಾ ಹೋಳಿಗಿ ಹಾಕತೀನಿ. ನೀವು ಮಂತ್ರಾ ಅಂತೀರೋ ಇಲ್ಲೋ ಅಷ್ಟ ಹೇಳ್ರಿ."

"ವಿಚಾರ ಮಾಡಬೇಕಾಗತೈತಿ ತಾಯಿ..."

ನನಗೆ ತಡೆಯಲಾಗಲಿಲ್ಲ. "ವಿಚಾರಾ ಮಾಡ್ರಿ, ಬರೋಬರ್ ಮಾಡ್ರಿ. ಆದ್ರ ನಿಮ್ಮ ಸ್ಕೂಟರ್ ಇನ್ನ ಮುಂದ ಬ್ಯಾರೆ ಗ್ಯಾರೇಜಿಗೆ ಒಯ್ರಿ" ಅಂದೆ.

ಅಕ್ಕ ಕರಿಮಣ್ಣು ತರಿಸಿದಳು. ಜರಡಿ ಹಿಡಿದು, ವಿಭೂತಿ ಬೆರೆಸಿ, ಹಿಟ್ಟು ನಾದುವಂತೆ ನಾದಿದಳು. ಎರಡು ದಿನ ಅಡುಗೆಮನೆಯಲ್ಲಿ ಕುಳಿತು, ಪದ್ಮಾಸನ ಹಾಕಿದ ಮಾಮಾನ ಗೊಂಬೆ ಮಾಡಿದಳು. ರೊಟ್ಟಿ ಬಡಿಯುವ ಕೈ ಅದು, ಮಣ್ಣನ್ನೂ ಹಾಗೇ ಬಡಿಬಡಿದು ಬೆನ್ನು ಮಾಡಿದಳು, ಹೆಗಲು ಮಾಡಿದಳು. ಮಾಮಾನ ಎಡಹೆಗಲು ಡಂಪರಿನ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಸ್ವಲ್ಪ ಇಳಿದಿತ್ತು. ಅದನ್ನೂ ಇಳಿಸಿದಳು. ಮುಖಕ್ಕೆ ಮೂಗು ಕಣ್ಣು ಇಡಲಿಲ್ಲ. "ಅದು ನನಗ ನೆನಪೈತಿ" ಅಂದಳು. ಎಡಗೈಯನ್ನು ಮಾತ್ರ ಬಹಳ ಹೊತ್ತು ತಿದ್ದಿದಳು. ಲಿಂಗ ಕೂರುವಷ್ಟು ತಗ್ಗು, ಅದಕ್ಕಿಂತ ಹೆಚ್ಚಿಲ್ಲ.

ಉಮರೇಡ್ ರಸ್ತೆಯಲ್ಲಿ ನಮ್ಮ ಸಮಾಜದ ರುದ್ರಭೂಮಿ ಇದೆ. ಗುಂಡಿ ನಾನೇ ತೋಡಿದೆ. ಆಳುಗಳು ಬರುತ್ತೇವೆ ಅಂದರು, ಬೈದು ಕಳಿಸಿದೆ. ಗೊಂಬೆ ಒಂದು ಕೂಸಿನಷ್ಟೇ ಇದ್ದರೂ ಮಾಮಾನ ಅಳತೆಗೇ ತೋಡಿದೆ. ಬಾಡಿಗೆ ಟೆಂಪೋದಲ್ಲಿ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಪ್ರವೀಣ್ ಬಂದ. ಕೀರ್ತಿ ಪುಣೆಯಿಂದ ಬಂದಳು. ಕೊನೆಗೆ ಧೂಳೆಬ್ಬಿಸುತ್ತ ಸ್ಕೂಟರಿನಲ್ಲಿ ಅಯ್ಯನವರೂ ಬಂದರು. ನನ್ನ ಮುಖ ನೋಡದೆ ಅಕ್ಕನ ಹತ್ತಿರ ಹೋಗಿ, "ಪುಸ್ತಕದಾಗ ಇಲ್ಲ ತಾಯಿ. ಆದ್ರೂ ಅಂತೀನಿ" ಅಂದರು.

ಗೊಂಬೆಯನ್ನು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದೆವು. ಬಿಲ್ವಪತ್ರೆ ಹಾಕಿದೆವು. ಅಕ್ಕ ಗುಂಡಿಗೆ ಇಳಿದು ಕರಡಿಗೆ ತೆರೆದು ಮಾಮಾನ ಲಿಂಗವನ್ನು ತೆಗೆದಳು. ಆ ಮಣ್ಣಿನ ಅಂಗೈಯಲ್ಲಿ ಇಟ್ಟಳು. ಆದರೆ ಬೆರಳು ತೆಗೆಯಲಿಲ್ಲ. ಅಯ್ಯನವರು ಮಂತ್ರ ಮುಗಿಸಿ ಕಾದರು. ಮತ್ತೊಮ್ಮೆ ಮೊದಲಿನಿಂದ ಅಂದರು.

"ಬಿಡ್ರಿ ತಾಯಿ" ಅಂದರು ಮೆಲ್ಲಗೆ.

"ಇಕಾ, ತಗೋರಿ" ಎಂದಳು ಅಕ್ಕ, ಗೊಂಬೆಗೆ. "ತಡಾ ಆತು. ನಾಕ ದಿನಾ ಅಂದಿದ್ದೆ." ಬೆರಳು ತೆಗೆದಳು.

ನಾನು ಅಕ್ಕನ ಕೈ ಹಿಡಿದು ಗುಂಡಿಯಿಂದ ಮೇಲೆತ್ತಿದೆ. ಮೊದಲ ಹಿಡಿ ಮಣ್ಣು ಆಕೆಯೇ ಹಾಕಿದಳು, ಆಮೇಲೆ ನಾನು ಸಲಿಕೆ ಹಿಡಿದೆ. ಗುಂಡಿ ಸಮನಾಯಿತು. ಈಗಲಾದರೂ ಸಮಾಧಾನವಾಗಿರಬೇಕೆಂದು ನಾನು ಹತ್ತಿರ ಹೋಗಿ ಕೇಳಿದೆ.

"ಮನಸ್ಸು ಹಗುರ ಆತೇನ ಅಕ್ಕಾ?"

ಆಕೆ ಎದೆಯ ಮೇಲೆ ಕೈಯಾಡಿಸಿಕೊಂಡಳು. ಅಲ್ಲಿ ಈಗ ಒಂದೇ ಕರಡಿಗೆ ಇತ್ತು.

"ಇಷ್ಟ ದಿನಾ ಎಲ್ಲೋ ಹೊರಗ ಹೋಗ್ಯಾರ, ತಮ್ಮ ಲಿಂಗಾ ಕೇಳಾಕ ಬಂದs ಬರ್ತಾರ ಅನಿಸತಿತ್ತು ಬಸ್ಯಾ. ಇನ್ನ ಯಾಕ ಬರ್ತಾರ? ಇವತ್ತ ಸತ್ರು ನೋಡು ಅವರು."

ಹಾಗೆಂದವಳು ಆ ಹಸಿಮಣ್ಣಿನ ಮೇಲೆ ಮುಖವಿಟ್ಟು ಅತ್ತಳು. ಅಂಥ ಅಳುವನ್ನು ನಾನು ಎಂದೂ ಕೇಳಿರಲಿಲ್ಲ. ಕೀರ್ತಿ ಎಬ್ಬಿಸಲು ಹೋದಾಗ ಅಯ್ಯನವರು ಬೇಡವೆಂದು ಕೈ ಅಡ್ಡ ಹಿಡಿದರು. ರಸ್ತೆಯಲ್ಲಿ ಟೆಂಪೋದವನಿಗೆ ಬೇರೆ ಬಾಡಿಗೆ ಇತ್ತೇನೋ, ಹಾರ್ನ್ ಹೊಡೆಯುತ್ತಿದ್ದ, ಜಲ್ದಿ ಚಲೋ ಎಂದು ಕೂಗುತ್ತಿದ್ದ. ನಾನು ಸಲಿಕೆ ಹಿಡಿದುಕೊಂಡೇ ಅವನ ಕಡೆ ನಡೆದೆ. ನನ್ನನ್ನು ನೋಡಿ ಅವನು ಗಾಡಿ ಬಂದ್ ಮಾಡಿ ಕೆಳಗಿಳಿದು, ಟೊಪ್ಪಿಗೆ ತೆಗೆದು ನಿಂತ.